ಹಾಲು ಊಟವಲ್ಲ

ತೊಂಬತ್ತರ ದಶಕದ ಮೊದಲಲ್ಲಿ ಪಾಂಡವಪುರದ ಪಕ್ಕದ ಹಳ್ಳಿಗೆ ನಾನು ಸೊಸೆಯಾಗಿ ಬಂದೆ. ನಾಲ್ಕು ಹಸು, ಎರಡು ಎಮ್ಮೆಯ ಮನೆ. ಬಂದವರಿಗೆ ನೀರಿಗಿಂತ ಮೊದಲು ಹಾಲು. ಶನಿವಾರದ ಉಪವಾಸದಲ್ಲೂ ಹಾಲು. ಇಂಥ ಮನೆಯ ನಾಯಿಗೆ ಮೈಯೆಲ್ಲ ಕಜ್ಜಿ, ದಿನಾ ಭೇದಿ.

ಔಷಧಿ ಹೇಳದವರಿರಲಿಲ್ಲ. ಎದುರು ಮನೆಯಾಕೆ ಬೇವಿನೆಣ್ಣೆ ಹಚ್ಚು ಎಂದಳು. ನಾಗಮಂಗಲದ ನೆಂಟರೊಬ್ಬರು ಮೂರು ದಿನ ಉಂಡು ಹೊರಡುವಾಗ, ಕೋಳಿಕಾಲು ಬೇಯಿಸಿ ಹಾಕಿ ಎಂದರು. ಕೋಳಿಯ ಉಳಿದದ್ದನ್ನೆಲ್ಲ ಅವರೇ ಮುಗಿಸಿದ್ದರು. ಮದುವೆಯಾಗಿ ಮೂರು ವರ್ಷ ನನಗೆ ಮಕ್ಕಳಾಗದಿದ್ದಾಗಲೂ ಇಷ್ಟು ಸಲಹೆ ಬಂದಿರಲಿಲ್ಲ.

ಮಾವನದು ಒಂದೇ ಮಾತು: "ಗೌರಿ ಅಬ್ಬದೊಳ್ಗೆ ವಾಸಿ ಆಗ್ನಿಲ್ಲ ಅಂದ್ರೆ ಕಿಕ್ಕೇರಿ ತಾವ ಬುಟ್ಬುಟ್ಟು ಬತ್ತೀನಿ. ಕಜ್ಜಿ ಕೊಟ್ಗೆಗೆ ಅಂಟ್ಕಂಡ್ರೆ ಅಸಗಳ ಗತಿ ಏನವ್ವ?"

ಆ ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೂ ಕೂತು ಕೇಳುತ್ತಿದ್ದುದು ಆ ನಾಯಿ ಒಂದೇ.

ದನದ ಡಾಕ್ಟರ ಹತ್ತಿರ ಹೋದೆ. "ತಿಂದದ್ದು ಯಾವುದೋ ಒಗ್ತಾ ಇಲ್ಲಮ್ಮ. ಹದಿನೈದು ದಿನ ಅನ್ನ, ಕುಂಬಳಕಾಯಿ ಎರಡೇ. ಬೇರೆ ಊಟ ಹಾಕಬೇಡಿ" ಎಂದರು. ಇಡೀ ಮನೆಯನ್ನು ಕೂರಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮುದ್ದೆ ನಿಂತಿತು, ಬಾಡು ನಿಂತಿತು, ಎಂಜಲೂ ನಿಂತಿತು. ಭೇದಿ, ಕಜ್ಜಿ ಮಾತ್ರ ಹಾಗೇ ಇದ್ದವು.

ಹಬ್ಬಕ್ಕೆ ನಾಲ್ಕೇ ದಿನ. ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ, ಮಾವ ಹಸು ಕರೆಯುತ್ತ ಕೂತವರು ನಾಯಿಯ ತಟ್ಟೆಗೆ ನೊರೆಹಾಲು ಸುರಿಯುತ್ತಿದ್ದಾರೆ!

"ಇದೇನ್ ಮಾವ?"

"ಆಲು ಕಣವ್ವ."

"ಬ್ಯಾರೆ ಊಟ ಇಕ್ಬ್ಯಾಡಿ ಅಂದಿರ್ನಿಲ್ವಾ ಡಾಕ್ಟ್ರು?"

"ಊಟ ಎಲ್ಲವ್ವ ಇಕ್ದೆ? ಆಲು ಊಟನಾ?"

ವಿಚಾರಿಸಿದರೆ, ಸಂಜೆ ಹಾಲು ಸುರಿಯುವ ಸರದಿ ಅತ್ತೆಯದಂತೆ. ಯಾರೂ ಸುಳ್ಳು ಹೇಳಿರಲಿಲ್ಲ. ಉಪವಾಸವನ್ನೇ ಕೆಡಿಸದ ಹಾಲು ಪಥ್ಯ ಕೆಡಿಸೀತೆಂದು ಯಾರಿಗೂ ಹೊಳೆದಿರಲಿಲ್ಲ. ನಾನೇನು ಸಾಚಾ? ಬರೀ ಅನ್ನ ಪಾಪ ಹೇಗೆ ತಿನ್ನುತ್ತೆ ಎಂದು ಎರಡು ಚಮಚ ಹಾಲು ಹಾಕಿ ಕಲಸುತ್ತಿದ್ದೆ. ಸಿಟ್ಟು ನೆತ್ತಿಗೇರಿತು, ಅರ್ಧ ನನ್ನ ಮೇಲೆಯೇ.

"ಇವತ್ತಿಂದ ನಾಯಿಗೆ ಒಂದು ತೊಟ್ಟೂ ಇಲ್ಲ. ವಾಸಿ ಆಗೋಗಂಟ ಅದು ಎಲ್ಲಿಗೂ ಓಗಲ್ಲ" ಎಂದೆ. ಮಾವನ ಮುಂದೆ ದನಿ ಎತ್ತಿದ್ದು ಅದೇ ಮೊದಲು.

"ನಮ್ಮನೆ ಆಲು ಕುಡ್ದು ಕೆಟ್ಟೋರು ಯಾರವ್ರೆ?" ಮಾವ ಗುಡುಗಿದರು. ಗುಡುಗಿ, ಎಂದಿನಂತೆ ದೊಡ್ಡ ಲೋಟದ ಹಾಲು ಕುಡಿದು, ಎಂದಿನಂತೆ ಹೊಟ್ಟೆ ಹಿಡಿದುಕೊಂಡು ಚೊಂಬಿನೊಡನೆ ಗದ್ದೆ ಕಡೆ ಓಡಿದರು. ವರ್ಷಗಳಿಂದ ಅವರಿಗೆ ಹೊಟ್ಟೆ ಸರಿಯಿರಲಿಲ್ಲ. ಮೇಲುಕೋಟೆಗೆ ಹರಕೆ ಹೊತ್ತಾಗಿತ್ತು, ಊರೂರಿನ ನಾಟಿ ಔಷಧಿ ಆಗಿತ್ತು. ಎಲ್ಲವನ್ನೂ ಹಾಲಿನಲ್ಲೇ ಕದಡಿ ಕುಡಿದಿದ್ದರು.

ಹಬ್ಬ ಬಂತು, ಹೋಯಿತು. ಕಿಕ್ಕೇರಿಯ ಮಾತು ಯಾರೂ ಎತ್ತಲಿಲ್ಲ. ನಾಯಿಯ ಭೇದಿ ನಿಂತು, ಬೆನ್ನ ಮೇಲೆ ಕೂದಲು ಚಿಗುರಿತು. ಮಾವ ದಿನಾ ಬಂದು ಅದರ ಬೆನ್ನು ಸವರಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹಾಲಿನ ಲೋಟ ತಂದಿಟ್ಟೆ. ನನ್ನ ಮುಖ ನೋಡದೆ, ಪಕ್ಕದಲ್ಲಿದ್ದ ನಾಯಿಯನ್ನೇ ನೋಡುತ್ತ ಹೇಳಿದರು:

"ಮೂಕಪ್ರಾಣಿ ನೋಡ್ತಾ ಕುಂತದೆ. ಅದ್ರೆದ್ರಿಗೆ ನಾನ್ ಎಂಗೆ ಕುಡೀಲವ್ವ? ನಂಗೂ ಈ ನಾಯ್ಗೆ ಇಕ್ಕೋದನ್ನೇ ಇಕ್ಬುಡು."