ಭಾಗಣ್ಣನ ದೊಡ್ಡ ನಂಬರು

ಶಹಾಬಾದಿನ ಭಾಗಣ್ಣನಿಗೆ ಹೊಟ್ಟೆಕಿಚ್ಚು ಎಲ್ಲಿಂದ ಬಂತು ಅಂತೀರಿ? ವಾಡಿಯಿಂದ, ಬೆಳಗಿನ ರೈಲಿನಲ್ಲಿ. ಜಬೀನಾ ಎಂಬ ಹುಡುಗಿ ಬಂದು ಕೆಲಸಕ್ಕೆ ಸೇರುವ ತನಕ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಗಳ ವೆಬ್‌ಸೈಟೆಂದರೆ ಭಾಗಣ್ಣ, ಭಾಗಣ್ಣನೆಂದರೆ ವೆಬ್‌ಸೈಟು. ಮಾಲೀಕ ರಮೇಶಕುಮಾರ ಚಹಾ ಕುಡಿಯಲೂ ಅವನನ್ನು ಬಿಟ್ಟು ಹೋಗುತ್ತಿರಲಿಲ್ಲ.

ಅವನು ಬರೆದ ವೆಬ್‌ಪುಟ ನಿಧಾನ, ಅದು ಖರೆ. ಪ್ರತಿ ಕಲ್ಲಿಗೂ ಪುಟದ ಅಚ್ಚನ್ನು ಮೊದಲಿನಿಂದ ಕಟ್ಟುತ್ತಿತ್ತು. ಜಬೀನಾ ಅಚ್ಚನ್ನು ಒಮ್ಮೆ ಮಾತ್ರ ಕಟ್ಟಿ, ಕಲ್ಲಿಗೊಂದು ನಕಲು ತೆಗೆಯುವಂತೆ ಮಾಡಿದಳು. ಪುಟ ಥಟ್ಟನೆ ತೆರೆಯಿತು. “ಭಾಳ ಛಲೋ ಆತವ್ವಾ!” ಎಂದ ಮಾಲೀಕ. ಅಷ್ಟೇ ಸಾಕಾಯಿತು. ಅವತ್ತಿನಿಂದ ಅವಳ ಊಟದ ಡಬ್ಬಿ ಕಂಡರೂ ಭಾಗಣ್ಣನ ಹೊಟ್ಟೆ ಉರಿಯುತ್ತಿತ್ತು. ಮೇಲಾಗಿ ಸೇಡಂನಲ್ಲಿ ಹೊಸ ಆಫೀಸು ತೆರೆಯುವುದಿತ್ತು. ಅಲ್ಲಿನ ಮುಖ್ಯಸ್ಥರ ಕುರ್ಚಿ ಇಬ್ಬರಲ್ಲಿ ಒಬ್ಬರಿಗೆ.

ಪುಟದ ಕೋಡಿನಲ್ಲಿ ಒಂದೇ ಟ್ಯಾಗಿನ ಮೇಲೆ ಇಬ್ಬರ ಡೈರೆಕ್ಟಿವ್‌ಗಳೂ, ಅಂದರೆ ಇಬ್ಬರ ಅಪ್ಪಣೆಗಳೂ, ಕೂತಿದ್ದವು. ಅವಳದು ಕಲ್ಲಿಗೊಂದು ಸಾಲು ಹುಟ್ಟಿಸುವುದು, ಇವನದು ಪ್ರತಿ ಸಾಲಿಗೆ ಆ ಕಲ್ಲಿನ ಫೋಟೋ ಹಾಕುವುದು. ಒಂದೊಂದು ಅಪ್ಪಣೆಗೂ ಸರದಿಯ ನಂಬರು ಕೊಡಬೇಕು; ಯಾರ ನಂಬರು ದೊಡ್ಡದೋ ಅವರದು ಮೊದಲು ಓಡುತ್ತದೆ. ಜಬೀನಾ ತನ್ನದಕ್ಕೆ ದೊಡ್ಡ ನಂಬರು ಕೊಟ್ಟಿದ್ದಳು. “ನಿನ್ನೆ ಬಂದಾಕಿ, ನನಗಿಂತ ಮುಂದ ನಿಂದರತಾಳ?” ಎಂದು ಗೊಣಗಿದ ಭಾಗಣ್ಣ, ಮಾಲೀಕನಿಗೆ ಪುಟ ತೋರಿಸುವ ದಿನ ಬೆಳಿಗ್ಗೆ ತನ್ನ ನಂಬರನ್ನು ಅವಳದಕ್ಕಿಂತ ಮೇಲೆ ಏರಿಸಿಬಿಟ್ಟ. ಒಮ್ಮೆ ತೆರೆದು ನೋಡುವ ತಾಳ್ಮೆಯೂ ಇರಲಿಲ್ಲ ಮಹಾರಾಯನಿಗೆ.

ಮಾಲೀಕನ ಎದುರು ಪುಟ ತೆರೆಯಿತು. ಕಲ್ಲುಗಳ ಹೆಸರುಗಳಿದ್ದವು, ಫೋಟೋ ಒಂದೂ ಇಲ್ಲ!

ಭಾಗಣ್ಣ ಪುಟವನ್ನು ಮತ್ತೆ ಮತ್ತೆ ತೆರೆದ. ಜಬೀನಾ ಕೋಡ್ ತೆಗೆದಳು, ನಂಬರು ನೋಡಿದಳು, ಅವನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು: “ಅಣ್ಣಾ, ನಿಮ್ಮದು ಮೊದಲ ಓಡಿದ್ರ ಸಾಲು ಇನ್ನಾ ಹುಟ್ಟೇ ಇರಂಗಿಲ್ರಿ. ಖಾಲಿ ಜಾಗದಾಗ ಒಮ್ಮೆ ಓಡಿ ಮುಗದು ಹೋಗ್ತದ. ನನ್ನ ಹಿಂದ ಇದ್ರ ಒಂದೊಂದು ಕಲ್ಲಿಗೂ ಓಡ್ತದ. ಅದಕ್ಕೇ ಹಿಂದ ಇಟ್ಟಿದ್ದೆ.”

ಅವನ ನಂಬರು ಇಳಿಸಿದಳು. ಪ್ರತಿ ಹೆಸರಿನ ಪಕ್ಕದಲ್ಲೂ ಫೋಟೋ ಬಂತು.

“ಏನಾಗಿತ್ತವ್ವಾ?” ಎಂದ ಮಾಲೀಕ.

“ಸಣ್ಣದೊಂದು ಹಿಂದ ಮುಂದ ಆಗಿತ್ರಿ, ಸಾಹೇಬ್ರ. ಫೋಟೋ ಕೆಲಸ ಭಾಗಣ್ಣೋರದ್ರಿ, ಭಾಳ ಛಂದ ಮಾಡ್ಯಾರ.”

“ಸೇಡಂಗೆ ನೀನೇ ಹೋಗವ್ವಾ,” ಎಂದ ಮಾಲೀಕ.

ಭಾಗಣ್ಣ ಪರದೆ ನೋಡುತ್ತ ಕೂತ. ಅವಳು ಒಂದು ಚಾಡಿ ಹೇಳಿದ್ದರೂ ಸಾಕಿತ್ತು, ಜನ್ಮವಿಡೀ ಅವಳನ್ನು ಬೈದುಕೊಂಡು ಇರಬಹುದಿತ್ತು. ಆ ಸುಖವನ್ನೂ ಉಳಿಸಲಿಲ್ಲವಲ್ಲ, ಪುಣ್ಯಾತ್ಗಿತ್ತಿ!