ಜಾಣೆಯರ ಎಣ್ಣೆ

ಬೈಬಲ್ಲಿನ ಹತ್ತು ಕನ್ಯೆಯರ ಕತೆಯನ್ನು ನಾನು ಮೊದಲು ಕೇಳಿದ್ದು ಕೊಟ್ಟೂರಿನ ನಮ್ಮ ಮನೆಯ ಕಟ್ಟೆಯ ಮೇಲೆ. ಹೇಳಿದವಳು ಪಕ್ಕದ ಮನೆಯ ಚಿಗವ್ವ. ರಕ್ತಸಂಬಂಧವೇನಲ್ಲ. ಅವಳು ಆಸ್ಪತ್ರೆಯ ನರ್ಸು, ಕ್ರೈಸ್ತಳು; ನಾವು ವಿಭೂತಿ ಹಚ್ಚುವ ಮಂದಿ. ದಿನಕ್ಕೊಮ್ಮೆ ಜಗಳವಾಡದಿದ್ದರೆ ಅವ್ವನಿಗೂ ಅವಳಿಗೂ ಉಂಡದ್ದು ಅರಗುತ್ತಿರಲಿಲ್ಲ.

ಕತೆಯಲ್ಲಿ ಮದುಮಗ ಬರುವುದು ತಡವಾಗುತ್ತದೆ. ದೀಪ ಹಿಡಿದು ಕಾಯುವ ಹತ್ತು ಹುಡುಗಿಯರಲ್ಲಿ ಐವರ ಎಣ್ಣೆ ತೀರುತ್ತದೆ. ಉಳಿದ ಐವರು ಜಾಣೆಯರು. ಹನಿಯೂ ಕೊಡದೆ ಅಂಗಡಿಗೆ ಅಟ್ಟುತ್ತಾರೆ. ಇವರು ಎಣ್ಣೆ ತರುವಷ್ಟರಲ್ಲಿ ಮದುಮಗ ಜಾಣೆಯರೊಂದಿಗೆ ಮದುವೆಯೂಟಕ್ಕೆ ಒಳಹೊಕ್ಕು ಬಾಗಿಲು ಮುಚ್ಚಿರುತ್ತದೆ. ಎಷ್ಟು ಬಡಿದರೂ ತೆರೆಯುವುದಿಲ್ಲ.

"ಜಾಣೇರು ಮಾಡಿದ್ದು ಬರೋಬ್ಬರಿ ಐತಿ ಬಿಡು" ಎಂದಳು ಅವ್ವ. "ದೀಪ ಹಚ್ಚಿದ ಮ್ಯಾಲೆ ಯಾರರ ಎಣ್ಣಿ ಕೊಡ್ತಾರೇನು?"

"ಮೊನ್ನಿ ಸಂಜಿಕ ನನಗ ಕೊಟ್ಟಿಯಲ್ಲಲೇ?" ಎಂದಳು ಚಿಗವ್ವ.

"ನಾ ಎಲ್ಲಿ ಕೊಟ್ಟೆ? ಹೊಸ್ತಿಲ ಮ್ಯಾಲೆ ಇಟ್ಟಿದ್ದೆ. ನೀನ ಒಯ್ದಿ, ಕಳ್ಳಿ!"

ಮುಸ್ಸಂಜೆ ದೀಪ ಹಚ್ಚಿದ ಮೇಲೆ ಎಣ್ಣೆ, ಉಪ್ಪು, ಮೊಸರು ಕೈಯೆತ್ತಿ ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆಂದು ನಮ್ಮಲ್ಲಿ ಯಾರೂ ಕೊಡುವುದಿಲ್ಲ. ಅವ್ವ ಆ ನೇಮವನ್ನೂ ಬಿಡಲಿಲ್ಲ, ಗೆಳತಿಯನ್ನೂ ಬಿಡಲಿಲ್ಲ. ಎಣ್ಣೆಯ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಇಷ್ಟು ಸಣ್ಣ ಉಪಾಯ ಆ ಐದು ಮಂದಿ ಜಾಣೆಯರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಿಟ್ಟು. ಆದರೆ ಯಾರನ್ನು ಬೈಯಲಿ? ಹಗರಿಬೊಮ್ಮನಹಳ್ಳಿಯ ನನ್ನ ಮನೆಯಲ್ಲಿ ಈಗ ಎಣ್ಣೆ ತೀರಿದರೆ ಪಕ್ಕದವರ ಬಾಗಿಲು ತಟ್ಟುವ ಮಾತೇ ಇಲ್ಲ, ಸ್ಕೂಟಿ ತೆಗೆದು ನೆಟ್ಟಗೆ ಅಂಗಡಿಗೆ ಹೋಗುತ್ತೇನೆ.

ಹೋದ ವರ್ಷ ಅವ್ವ ತೀರಿಕೊಂಡಳು. ಆಮೇಲೊಂದು ದಿನ ಮೊಬೈಲಿನಲ್ಲಿ ಯಾರೋ ಬೋಧಕರು ಇದೇ ಕತೆಗೆ ಅರ್ಥ ಹೇಳುತ್ತಿದ್ದರು. ಎಣ್ಣೆಯೆಂದರೆ ಅವರವರ ವಿಶ್ವಾಸವಂತೆ, ಕಡ ಸಿಗುವ ವಸ್ತುವಲ್ಲವಂತೆ, ಅದಿಲ್ಲದವರು ಎಷ್ಟೇ ಒಳ್ಳೆಯವರಾಗಿದ್ದರೂ ಹೊರಗೇ ಉಳಿಯುತ್ತಾರಂತೆ. ನನ್ನ ಬದುಕನ್ನು ಇನ್ನೊಬ್ಬರು ಬದುಕಿಕೊಡಲಾರರು, ಅಷ್ಟನ್ನು ಒಪ್ಪುತ್ತೇನೆ. ಆದರೆ ಮುಚ್ಚಿದ ಬಾಗಿಲ ಮುಂದೆ ನಮ್ಮವ್ವ ನಿಂತಂತೆ ಕಂಡಿತು. ಅದು ಅವರ ದೇವರ ಮನೆ, ನಮಗೇನು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಚಿಗವ್ವ ಹೋಗುವ ಕಡೆ ಅವ್ವನೂ ಇರಬೇಕಿತ್ತು ನನಗೆ.

ಭಾನುವಾರ ಬಸ್ಸು ಹತ್ತಿ ಹರಪನಹಳ್ಳಿಗೆ ಹೋದೆ. ನಿವೃತ್ತಳಾದ ಮೇಲೆ ಚಿಗವ್ವ ಅಲ್ಲಿದ್ದಾಳೆ. ಚಹಾ ಕೊಟ್ಟಳು, ಮಂಡಾಳ ಒಗ್ಗರಣೆ ಹಾಕಿಕೊಟ್ಟಳು. ಸುತ್ತುಬಳಸು ನನಗೆ ಬರುವುದಿಲ್ಲ.

"ಚಿಗವ್ವಾ, ನಿಮ್ಮ ಲೆಕ್ಕದಾಗ ನಮ್ಮವ್ವ ಒಳಗ ಅದಾಳೋ, ಹೊರಗೋ?"

ಅವಳಿಗೆ ಕೂಡಲೇ ತಿಳಿಯಿತು. ಬಹುಶಃ ಆ ಪ್ರಶ್ನೆಯನ್ನು ಅವಳೂ ಎಂದಿನಿಂದಲೋ ಹೊತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗ ಗೊತ್ತಿಲ್ಲವಾ. ಚರ್ಚಿನಾಗೂ ಕೇಳೀನಿ. ಒಬ್ಬೊಬ್ರು ಒಂದೊಂದು ಅಂತಾರ."

"ಹೊರಗ ಅಂದ್ರ?"

"ಅಂದ್ರ ಏನವಾ? ನಾನೂ ದೀಪ ತಗೊಂಡು ಹೊರಗ ಬರ್ತೀನಿ" ಎಂದಳು ಚಿಗವ್ವ, ನನ್ನ ಮೇಲೆಯೇ ಸಿಟ್ಟು ಬಂದವಳಂತೆ. "ನಿಮ್ಮವ್ವನ್ನ ಕತ್ತಲಾಗ ನಿಲ್ಲಿಸಿ, ನಾ ಒಳಗ ಕುಂತು ಮದಿವಿ ಊಟ ಮಾಡ್ಲೇನು?"