ನಾನು ಕುಡಿಯದ ನೀರು

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಗದಗಿನಲ್ಲಿ ಅಂಕಿಅಂಶದ ಕೆಲಸದಲ್ಲಿದ್ದೆ. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿ, ಯಾವ ಊರಿನಲ್ಲಿ ಎಷ್ಟು ಕೊರತೆಯಿದೆ ಎಂದು ಅಂಕ ಹಾಕಬೇಕಿತ್ತು. ಪಕ್ಕಾ ಮನೆ, ಟ್ರ್ಯಾಕ್ಟರ್, ಫ್ರಿಜ್, ಮನೆಯೊಳಗೆ ನಳ, ಇವು ಇದ್ದಷ್ಟೂ ಕೊರತೆಯ ಅಂಕ ಕಡಿಮೆ. ಅಂಕ ಹೆಚ್ಚು ಬಂದ ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಮೊದಲು. ನನ್ನ ಕೈ ಚುರುಕು. ದಿನಕ್ಕೆ ನಲವತ್ತು ಮನೆ ಮುಗಿಸುತ್ತೇನೆಂದು ಕಚೇರಿಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಮುಂಡರಗಿ ಆಚೆಯ ಒಂದು ಊರು. ಹೆಸರು ಬೇಡ. ಹತ್ತಿ, ಶೇಂಗಾ ಚೆನ್ನಾಗಿ ಬೆಳೆಯುವ ಅನುಕೂಲಸ್ಥರ ಊರು. ಅಲ್ಲಿ ನೀಲವ್ವನವರದು ಕಲ್ಲಿನ ದೊಡ್ಡ ಮನೆ, ಅಂಗಳದಲ್ಲಿ ಎರಡು ಟ್ರ್ಯಾಕ್ಟರ್. ನಾನು ಕಟ್ಟೆಯ ಮೇಲೆ ಕೂತಿದ್ದೇ ತಡ, ಆಕೆ ಮೊಣಕಾಲಿಗೆ ಕೈ ಊರುತ್ತ ಬಂದು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಇಟ್ಟರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಅದೇ.

"ಈಗಷ್ಟ ಕುಡದು ಬಂದೇನ್ರಿ," ಎಂದು ಸುಳ್ಳು ಹೇಳಿ, ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡೆ. ಆ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತವೆ, ಕೀಲು ಬಿಗಿಯುತ್ತವೆ ಎಂದು ನಮಗೆಲ್ಲ ಗೊತ್ತಿತ್ತು. ಆ ಕಡೆ ಹೋಗುವ ದಿನ ಗದಗಿನಿಂದಲೇ ಬಾಟಲಿ ತುಂಬಿಕೊಳ್ಳುವುದು ನಮ್ಮ ರೂಢಿ. ಬಿಸಿಲಿಗೆ ತಡೆಯಲಾರದೆ, ಸ್ವಲ್ಪ ಹೊತ್ತಿನಲ್ಲಿ ಆಕೆಯ ಎದುರಿಗೇ ಬಾಟಲಿ ಎತ್ತಿ ಕುಡಿದೆ. ನೀಲವ್ವ ತಂಬಿಗೆಯತ್ತ ನೋಡಿದರು. ಬಾಗಿಲಲ್ಲಿದ್ದ ಮೊಮ್ಮಗಳು ನಕ್ಕಳು. ನಕ್ಕವಳೇ ಕಂದುಗಟ್ಟಿದ ಹಲ್ಲಿಗೆ ಕೈ ಅಡ್ಡ ಹಿಡಿದಳು.

ಇಷ್ಟು ಕಂಡೂ "ಮನೆಯೊಳಗೆ ನಳ" ಎಂಬಲ್ಲಿ "ಹೌದು" ಎಂದು ಗುರುತು ಹಾಕಿದೆ. ಸಮೀಕ್ಷೆಯ ನಮೂನೆಯಲ್ಲಿ ನೀರು ಎಂಥದು ಎಂಬ ಪ್ರಶ್ನೆ ಇರಲಿಲ್ಲ, ನಿಜ. ಆದರೆ ಕೊನೆಯಲ್ಲಿ, ಹೆಚ್ಚಿನದೇನಾದರೂ ಬರೆಯಲು, ಷರಾ ಎಂಬ ಅಂಕಣವಿತ್ತು. ಅಲ್ಲಿ ನಾವು ಬರೆಯುತ್ತಿದ್ದುದು ಒಂದೇ ಪದ, ನಿರಂಕ. ಅಂದರೆ ಏನೂ ಇಲ್ಲ. ಆ ಊರಿನ ಅಷ್ಟೂ ಮನೆಗೆ ಹಾಗೇ ಬರೆದೆ.

ಪಟ್ಟಿ ಹೊರಬಿದ್ದಾಗ ಆ ಊರು ಕಟ್ಟಕಡೆಯಲ್ಲಿತ್ತು. ಘಟಕ ಸಿಗಲಿಲ್ಲ.

ಮರುವರ್ಷ ಬೇರೆ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ನೀಲವ್ವನವರ ಕೈಗೆ ಕೋಲು ಬಂದಿತ್ತು.

"ನಮ್ಮೂರಿಗೆ ಏನೂ ಕಡಿಮಿ ಇಲ್ಲಂತ ಬರದೀರಂತಲ್ರಿ ಅಕ್ಕಾರ?"

ಮನೆ, ಟ್ರ್ಯಾಕ್ಟರ್, ನಳದ ಅಂಕಗಳನ್ನು ವಿವರಿಸಿದೆ. ಕ್ಯಾನ್ ನೀರು ತರಿಸಬಹುದಲ್ಲ ಎಂದೂ ಅಂದುಬಿಟ್ಟೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

"ರೊಕ್ಕ ಐತ್ರಿ. ಕ್ಯಾನಿನ ಗಾಡಿ ವಾರಕ್ಕೊಮ್ಮೆ ಬಂದರ ಬಂತು, ಇಲ್ಲಂದರ ಇಲ್ಲ. ನೀರಡಿಕಿ ಆದಾಗ ಟ್ರ್ಯಾಕ್ಟರ್ ಕುಡಿಯಾಕ ಆಗತೈತೇನು?" ಎಂದ ನೀಲವ್ವ ಸ್ವಲ್ಪ ಸುಧಾರಿಸಿಕೊಂಡು ಕೇಳಿದರು. "ಅವತ್ತ ನಮ್ಮನಿ ನೀರು ನೀವು ಮುಟ್ಟಲಿಲ್ಲ. ಅದನ್ನ ಎಲ್ಲಿ ಬರದೀರಿ?"

ಗದಗಿಗೆ ಬಂದು, ನನ್ನದೇ ತಪ್ಪೆಂದು ಒಪ್ಪಿ, ನಡೆದದ್ದನ್ನೆಲ್ಲ ಮೇಲಿನವರಿಗೆ ಬರೆದೆ. ಮುಂದಿನ ಸಮೀಕ್ಷೆಯಲ್ಲಿ ನೋಡೋಣ ಎಂಬ ಉತ್ತರ ಬಂತು. ಅಷ್ಟರಲ್ಲಿ ನನ್ನ ನಿವೃತ್ತಿಯೂ ಬಂತು.

ಹೊಸದಾಗಿ ಕೆಲಸಕ್ಕೆ ಸೇರಿದವರು ಸಲಹೆ ಕೇಳಿದರೆ ಒಂದೇ ಮಾತು ಹೇಳುತ್ತೇನೆ. ಹೋದ ಊರಿನಲ್ಲಿ ನೀವು ಯಾವುದನ್ನು ಮುಟ್ಟಲು ಹಿಂಜರಿಯುತ್ತೀರೋ ಅದನ್ನು ಮೊದಲು ಬರೆಯಿರಿ. ಇದನ್ನು ನನಗೆ ಕಲಿಸಿದ ನೀಲವ್ವ, ಆ ಎರಡನೆಯ ಸಲವೂ ನನ್ನ ಮುಂದೆ ಬೆಲ್ಲ ತಂದಿಟ್ಟಿದ್ದರು. ತಂಬಿಗೆ ಇರಲಿಲ್ಲ.

"ನೀರು ನೀವ ತಂದಿರ್ತೀರಲ್ರಿ," ಎಂದಿದ್ದರು. ಸಿಟ್ಟಿನಿಂದಲ್ಲ, ಮರ್ಯಾದೆಯಿಂದಲೇ.